ಒಂಬತ್ತು ಹೇಂಟೆ, ಎಂಟು ಹುಂಜ

ಪ್ರಶ್ನೆ: ಕಾವಿಗೆ ಕೂತ ಕೋಳಿಯ ಅಡಿಯಲ್ಲಿ 13 ಮೊಟ್ಟೆ ಇಟ್ಟಿದ್ದೆ. ಚೂಪು ಮೊಟ್ಟೆಯಿಂದ ಹುಂಜ, ಉರುಟು ಮೊಟ್ಟೆಯಿಂದ ಹೇಂಟೆ ಎಂದು ಯಾರೋ ಹೇಳಿದ್ದರಿಂದ ಉರುಟಾದವನ್ನೇ ಆರಿಸಿದ್ದೆ. 11 ಮರಿಗಳಾದವು, ಅವುಗಳಲ್ಲಿ ಏಳು ಹುಂಜ! ಹಳೆಯದೂ ಸೇರಿದರೆ ಎಂಟು. ಹೇಂಟೆಗಳು ಹಳೆಯವು ಐದು, ಹೊಸವು ನಾಲ್ಕು. ಮರಿಗಳಿಗೆ ಐದು ತಿಂಗಳಾಗಿದೆ, ಹಿತ್ತಿಲು ರಣರಂಗವಾಗಿದೆ. ಹೇಂಟೆಗಳ ಬೆನ್ನು ಬೋಳಾಗಿದೆ. ಒಂದಂತೂ ಗೂಡಿನ ಅಡ್ಡಗೋಲಿನಿಂದ ಕೆಳಗಿಳಿಯುವುದೇ ಇಲ್ಲ. ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ. ಮಗಳು ಏಳಕ್ಕೂ ಹೆಸರಿಟ್ಟಿದ್ದಾಳೆ. ಎಲ್ಲವನ್ನೂ ಉಳಿಸಿಕೊಳ್ಳುವ ಉಪಾಯವಿದೆಯೇ? ಎಲ್ಲವನ್ನೂ ಕೊಟ್ಟುಬಿಟ್ಟರೆ ಮೊಟ್ಟೆ ನಿಂತುಹೋಗುತ್ತದೆಯೇ?
— ಹೆಸರು ಬೇಡ ಎಂದ ಓದುಗರು

ಉತ್ತರ: ಮೊದಲು ಆ ಉರುಟು ಮೊಟ್ಟೆಯ ಮಾತು ಮುಗಿಸಿಬಿಡೋಣ. ನಾನೂ ಒಂದು ಕಾಲದಲ್ಲಿ ಮೊಟ್ಟೆಗಳನ್ನು ಸಾಲಾಗಿಟ್ಟು, ಕಣ್ಣು ಕಿರಿದು ಮಾಡಿಕೊಂಡು ಆರಿಸಿದವಳೇ. ಆಕಾರಕ್ಕೂ ಒಳಗಿನ ಮರಿಗೂ ಸಂಬಂಧವಿಲ್ಲ. ಕೋಳಿಗಳಲ್ಲಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ತಾಯಿಯ ವರ್ಣತಂತು. ಚಿಪ್ಪು ಮೂಡುವ ಮೊದಲೇ ಆ ಲೆಕ್ಕ ಮುಗಿದಿರುತ್ತದೆ. ಅರ್ಧಕ್ಕರ್ಧ ಎಂಬುದು ಸಾವಿರ ಮರಿಗಳಿಗೆ ಸರಿಹೋಗುವ ಮಾತು. 11ರಲ್ಲಿ ಏಳು ಹುಂಜ ಬಂದರೆ ಅದು ಯಾರ ತಪ್ಪೂ ಅಲ್ಲ.

ಎಂಟರಿಂದ ಹತ್ತು ಹೇಂಟೆಗೆ ಒಂದು ಹುಂಜ ಸಾಕು. ನಿಮ್ಮ ಒಂಬತ್ತಕ್ಕೆ ಒಂದೇ. ಎರಡಿರಲಿ, ಒಂದಕ್ಕೆ ಏನಾದರೂ ಆದರೆ ಇನ್ನೊಂದಿರುತ್ತದೆ ಎಂದು ನೀವು ಯೋಚಿಸುತ್ತೀರಿ, ನನಗೆ ಗೊತ್ತು. ಬೇಡ.

ಇವತ್ತು ಸಂಜೆಯೇ ಮಾಡಬೇಕಾದದ್ದು: ಏಳೂ ಮರಿಹುಂಜಗಳನ್ನು ಬೇರೆ ಕಡೆ ಕೂಡಿಹಾಕಿ. ಕತ್ತಲಾದ ಮೇಲೆ ಹಿಡಿಯಿರಿ, ಆಗ ಅವು ಪೆದ್ದಾಗಿ ಕೂತಿರುತ್ತವೆ. ನಂತರ ಹೇಂಟೆಗಳನ್ನು ಒಂದೊಂದಾಗಿ ಎತ್ತಿ ನೋಡಿ. ಹುಂಜ ಮೆಟ್ಟುವಾಗ ಕೊಕ್ಕಿನಿಂದ ಕುತ್ತಿಗೆಯ ಹಿಂಭಾಗದ ಗರಿ ಕಚ್ಚಿ, ಉಗುರೂರಿ ಬೆನ್ನ ಮೇಲೆ ನಿಲ್ಲುತ್ತದೆ. ಒಂದು ಹುಂಜವಾದರೆ ಹೇಂಟೆ ಮೈ ಕೊಡವಿಕೊಂಡು ಹೋಗುತ್ತದೆ. ಎಂಟು ಸರದಿಯಲ್ಲಿ ಬಂದರೆ ಗರಿ ಮುರಿದು ಚರ್ಮ ಕಾಣುತ್ತದೆ. ಬೋಳು ಬೆನ್ನು ಕಣ್ಣಿಗೆ ಬೀಳುತ್ತದೆ, ರೆಕ್ಕೆಯ ಅಡಿಯ ಪಕ್ಕೆಯಲ್ಲಿ ಆಗಿರುವ ಸೀಳು ಕಾಣುವುದಿಲ್ಲ. ಬೆರಳಾಡಿಸಿಯೇ ಹುಡುಕಬೇಕು. ಗಾಯವಿದ್ದ ಹೇಂಟೆಯನ್ನು ಬೇರೆ ಇಡಿ. ರಕ್ತ ಕಂಡರೆ ಉಳಿದ ಹೇಂಟೆಗಳೂ ಕುಕ್ಕುತ್ತವೆ. ಕೋಲಿನಿಂದ ಇಳಿಯದ ಆ ಬಡಪಾಯಿ ಹಸಿದು, ಬಾಯಾರಿ ಕೂತಿದೆ, ಅದಕ್ಕೆ ನೀರೂ ಕಾಳೂ ಪ್ರತ್ಯೇಕವಾಗಿ ಕೊಡಿ. ಹುಂಜಗಳು ಹೋದ ಮರುದಿನವೇ ಗರಿ ಬರುತ್ತದೆ ಎಂದು ಕಾಯಬೇಡಿ. ಮುರಿದ ಗರಿಯ ಬುಡ ಉದುರಿ ಹೊಸದು ಬರುವುದು ಮುಂದಿನ ಗರಿ ಉದುರುವ ಕಾಲಕ್ಕೇ.

ಏಳನ್ನೂ ಹಾಗೆಯೇ ಬೇರೆ ಸಾಕಬಹುದೇ? ಆಗುತ್ತದೆ. ಹೇಂಟೆ ಕಣ್ಣಿಗೆ ಬೀಳದಿದ್ದರೆ ಒಟ್ಟಿಗೆ ಬೆಳೆದ ಹುಂಜಗಳ ಜಗಳ ಬಹುಮಟ್ಟಿಗೆ ತಣ್ಣಗಾಗುತ್ತದೆ. ಜಾಗ ಧಾರಾಳವಾಗಿರಬೇಕು, ಮೂರು ಕಡೆ ಕಾಳಿನ ತಟ್ಟೆ, ಸೋತದ್ದು ಓಡಿ ಅಡಗಲು ಮರೆ ಇರಬೇಕು. ಮೊಟ್ಟೆ ಕೋಳಿಯ ಆಹಾರವನ್ನು ಅವಕ್ಕೆ ಹಾಕಬೇಡಿ: ಅದರಲ್ಲಿ ಸುಮಾರು ಶೇಕಡಾ 4ರಷ್ಟು ಕ್ಯಾಲ್ಸಿಯಂ ಇರುತ್ತದೆ, ಮೊಟ್ಟೆಯಿಡದ ಹಕ್ಕಿಗೆ ದೀರ್ಘಕಾಲ ತಿನ್ನಿಸಿದರೆ ಮೂತ್ರಪಿಂಡ ಕೆಡುತ್ತದೆ. ಇಷ್ಟೆಲ್ಲ ಮಾಡಿದರೂ ಪಕ್ಕದ ಮನೆಯವರು ಮಾತಾಡುವುದಿಲ್ಲ. ಗೂಡನ್ನು ಎಷ್ಟೇ ಕತ್ತಲು ಮಾಡಿ, ಬೆಳಗಿನ ಜಾವದ ಕೂಗು ಹುಂಜದ ಮೈಯೊಳಗಿನ ಗಡಿಯಾರದ್ದು. ಗುಂಪಿನ ಯಜಮಾನ ಮೊದಲು ಕೂಗುತ್ತದೆ, ಉಳಿದವು ಅಂತಸ್ತಿನ ಪ್ರಕಾರ ಒಂದರ ಹಿಂದೆ ಒಂದು ಕೂಗುತ್ತವೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಅಜ್ಜಿಯ ಒಂದು ಹುಂಜ ಕೂಗಿದರೆ ಬೆಳಗಾಗಬಹುದೇನೋ. ಎಂಟು ಕೂಗಿದರೆ ಪಕ್ಕದ ಮನೆಗೆ ರಾತ್ರಿಯೇ ಇರುವುದಿಲ್ಲ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳುವುದು? ಇಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ನಮ್ಮಲ್ಲಿ ನಾಲ್ಕಿದ್ದವು. ಬೆಂಕಿಬಣ್ಣದ ಕುತ್ತಿಗೆ, ಹಸಿರು ಹೊಳೆಯುವ ಬಾಲ ಇದ್ದದ್ದನ್ನು ಉಳಿಸಿಕೊಂಡೆ. ಬೂದಿಬಣ್ಣದ, ಒಂದು ಕಾಲ್ಬೆರಳು ಸೊಟ್ಟಗಿದ್ದ ಸಾಧುವನ್ನು ಕೊಟ್ಟುಬಿಟ್ಟೆ. ಆರು ತಿಂಗಳಲ್ಲಿ ಆ ಸುಂದರಾಂಗ, ಮೊಟ್ಟೆ ತೆಗೆಯಲು ಬಗ್ಗಿದವರ ಹಿಂದಿನಿಂದ ಹಾರಿ ಒದೆಯತೊಡಗಿತು. ಮೀನಖಂಡದಲ್ಲಿ ಅದರ ಕಾಲುಮುಳ್ಳಿನ ಗುರುತು ಇನ್ನೂ ಇದೆ. ಬಾಲ ನೋಡಬೇಡಿ, ನಡತೆ ನೋಡಿ. ಒಂದು ಹುಳು ಸಿಕ್ಕಾಗ ತಾನೇ ನುಂಗುತ್ತದೆಯೋ, ಅಥವಾ ಕೊಕ್ಕಿನಲ್ಲಿ ಎತ್ತಿ ಬೀಳಿಸಿ, ಗುಟುಗುಟು ಸದ್ದು ಮಾಡಿ ಹೇಂಟೆಗಳನ್ನು ಕರೆಯುತ್ತದೆಯೋ? ಮೆಟ್ಟುವ ಮೊದಲು ಒಂದು ರೆಕ್ಕೆ ಇಳಿಬಿಟ್ಟು ಸುತ್ತು ಹಾಕುತ್ತದೆಯೋ, ಮೂಲೆಗಟ್ಟಿ ಹಾರುತ್ತದೆಯೋ? ಆಕಾಶದಲ್ಲಿ ಹದ್ದು ಕಂಡರೆ ಎಚ್ಚರಿಸುತ್ತದೆಯೋ? ನೀವು ಬಕೆಟ್ ಹಿಡಿದು ಬಂದಾಗ ದಾರಿ ಬಿಡುತ್ತದೆಯೋ? ಮಕ್ಕಳಿರುವ ಮನೆಯಲ್ಲಿ ಈ ಕೊನೆಯ ಪ್ರಶ್ನೆಗೇ ಹೆಚ್ಚು ತೂಕ. ನಿಮ್ಮ ಹಳೆಯ ಹುಂಜ ಇದರಲ್ಲೆಲ್ಲ ಪಾಸಾಗಿದ್ದರೆ ಅದೇ ಇರಲಿ, ಏಳಕ್ಕೂ ರಜೆ.

ಉಳಿದವುಗಳನ್ನು ಹುಂಜವಿಲ್ಲದ ಹಿಂಡಿನವರಿಗೆ ಕೇಳಿ ನೋಡಿ. ಒಂದೆರಡು ಹೋಗಬಹುದು, ಏಳೂ ಹೋಗುವುದಿಲ್ಲ. ಮಿಕ್ಕವನ್ನು ತೆಗೆದುಕೊಳ್ಳುವವರು ಸಾರಿಗೇ ತೆಗೆದುಕೊಳ್ಳುತ್ತಾರೆ. ಮಗಳಿಗೆ ಅದನ್ನು ಸುತ್ತುಬಳಸಿ ಹೇಳಬೇಡಿ, ಹೇಗಿದ್ದರೂ ಒಂದು ದಿನ ತಿಳಿಯುತ್ತದೆ. ಊರಾಚೆ ಬಿಟ್ಟುಬರುವ ಉಪಾಯ ಮಾತ್ರ ಬೇಡ, ಸಾಕಿದ ಹುಂಜ ಒಂದು ರಾತ್ರಿಯಲ್ಲಿ ನಾಯಿಯ ಪಾಲಾಗುತ್ತದೆ. ಮುಂದಿನ ಸಲ ಐದು ತಿಂಗಳು ಕಾಯಬೇಡಿ: ಆರು-ಎಂಟು ವಾರಕ್ಕೆ ಜುಟ್ಟು ಕೆಂಪಾಗುತ್ತದೆ, ಮೂರು ತಿಂಗಳ ಹೊತ್ತಿಗೆ ಬಾಲದ ಬುಡದಲ್ಲಿ ಚೂಪು ಗರಿ ಇಳಿಯುತ್ತದೆ. ಆಗಲೇ ಮಾತಾಡಿ ಮುಗಿಸಿ. ಸಾಧ್ಯವಾದರೆ ಹೆಸರಿಡುವ ಮೊದಲು.

ಇನ್ನು ಮೊಟ್ಟೆ. ಅದಕ್ಕೆ ಹುಂಜ ಬೇಕಾಗಿಯೇ ಇಲ್ಲ, ಮರಿಯಾಗಲು ಮಾತ್ರ ಬೇಕು. ಕಾಟ ತಪ್ಪಿದ ಮೇಲೆ ನಿಮ್ಮ ಹೇಂಟೆಗಳು ಈಗಿಗಿಂತ ನೆಮ್ಮದಿಯಾಗಿ ಮೊಟ್ಟೆ ಇಡುತ್ತವೆ. ಆದರೆ ಉಳಿಸಿಕೊಂಡ ಹುಂಜದ ಮರಿಗಳೇ ಬೇಕೆಂದಿದ್ದರೆ, ಉಳಿದವು ಹೋದ ಮೇಲೆ ಮೂರು ವಾರ ಬಿಟ್ಟು ಕಾವಿಗೆ ಇಡಿ. ಅಷ್ಟು ದಿನ ಹೇಂಟೆಯ ಒಡಲಲ್ಲಿ ಬಿಟ್ಟುಹೋದ ಹುಂಜಗಳ ವೀರ್ಯ ಜೀವಂತವಾಗಿರಬಹುದು.