ಮರೆತ ಪಾಪಕ್ಕೆ ನರಕವೇ?

ಪಾಪನಿವೇದನೆಯಲ್ಲಿ, ಅಂದರೆ ಕ್ಯಾಥೊಲಿಕರು ಗುರುಗಳ ಮುಂದೆ ಪಾಪ ಹೇಳಿ ಕ್ಷಮೆ ಪಡೆಯುವಾಗ, ಒಂದು ಪಾಪ ಹೇಳಲು ಮರೆತೆ, ಈಗ ಸತ್ತರೆ ನರಕವೇ ಅಂತ ಕೇಳಿದ್ದೀರಿ. ಅಲ್ಲ. ಗಂಭೀರ ಪಾಪವನ್ನು ಬೇಕೆಂದೇ ಮುಚ್ಚಿಟ್ಟರೆ ನಿವೇದನೆ ಕೆಡುತ್ತದೆ. ಮರೆತದ್ದು ಉಳಿದವುಗಳ ಜೊತೆಗೇ ಕ್ಷಮೆಯಾಗಿದೆ. ಗಂಭೀರವಾದದ್ದಾದರೆ ಮುಂದಿನ ಸಲ 'ಹೋದ ಸಲ ಇದನ್ನು ಮರೆತಿದ್ದೆ, ಫಾದರ್' ಅಂದರಾಯಿತು. ಅಲ್ಲಿಯವರೆಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಬಿಡಬೇಕಿಲ್ಲ.

ನರಕಕ್ಕೆ ಒಯ್ಯುವಂಥ ಮಾರಕ ಪಾಪವಾಗಲು ಮೂರೂ ಒಟ್ಟಿಗೆ ಬೇಕು: ವಿಷಯ ಗಂಭೀರವಾಗಿರಬೇಕು, ಅದು ನಿಮಗೆ ಗೊತ್ತಿರಬೇಕು, ತಿಳಿದೂ ಮನಸಾರೆ ಒಪ್ಪಿ ಮಾಡಿರಬೇಕು. ಬೇಡವೆಂದರೂ ನುಗ್ಗಿಬರುವ ಕೆಟ್ಟ ಯೋಚನೆಯಲ್ಲಿ ಆ ಮೂರನೆಯದೇ ಇಲ್ಲ.

'ರಕ್ಷಣೆ ಖಚಿತ' ಎನ್ನುವ ನಿಮ್ಮ ಪ್ರೊಟೆಸ್ಟೆಂಟ್ ಗೆಳೆಯರ ಮಾತಿಗೆ ಬಂದರೆ, ಕೊನೆತನಕ ದೇವರ ಕೃಪೆಯಲ್ಲಿ ನಿಲ್ಲುತ್ತೇನೆಂಬ ಪೂರ್ಣ ಖಾತ್ರಿ ದೇವರ ವಿಶೇಷ ಪ್ರಕಟಣೆಯಿಲ್ಲದೆ ಯಾರಿಗೂ ಇಲ್ಲ ಎಂದು ಕ್ಯಾಥೊಲಿಕ್ ಬಿಷಪರ ಟ್ರೆಂಟ್ ಮಹಾಸಭೆ 1547ರಲ್ಲಿ ಹೇಳಿತು. ಆದರೆ ದೇವರ ಕರುಣೆಯನ್ನೂ ಪಾಪನಿವೇದನೆಯಂಥ ಸಂಸ್ಕಾರಗಳ ಶಕ್ತಿಯನ್ನೂ ಶಂಕಿಸಬಾರದು ಎಂದದ್ದೂ ಅದೇ ಸಭೆ. ಈ ಸಾಲನ್ನು ಓದುವವರೇ ಕಡಿಮೆ!

ಪಾಪದ ಬಗ್ಗೆ ಮತ್ತೆ ಮತ್ತೆ ಅನುಮಾನ ಕಾಡುವ ನಿಮ್ಮಂಥವರು ಪ್ರತಿ ಸಲವೂ ಅದೇ ಗುರುಗಳ ಬಳಿ ಹೋಗುವುದು ಒಳ್ಳೆಯದು. ಚರ್ಚಿನಿಂದ ಚರ್ಚಿಗೆ ಅಲೆದರೆ ಪ್ರತಿ ಉತ್ತರಕ್ಕೂ ಒಂದು ಹೊಸ ಅನುಮಾನ ಹುಟ್ಟುತ್ತದೆ. 'ಹಳೆಯದನ್ನು ಮತ್ತೆ ಹೇಳಬೇಡಿ' ಎಂದು ಅವರು ಹೇಳಿದರೆ, ಮನಸ್ಸು ಎಷ್ಟೇ ಕೆದಕಿದರೂ ಹೇಳಬೇಡಿ. ಬೀಗ ಹಾಕಿದೆನಾ, ಕೈ ತೊಳೆದೆನಾ ಎಂಬ ಗೀಳೂ ಇದ್ದರೆ ಮನೋವೈದ್ಯರನ್ನೂ ಕಾಣಿ.