ಬೆವರು ಬಾರದ ಮಗುವಿನ ಬಗ್ಗೆ ವೈದ್ಯರಿಗೆ ಏನೆಂದು ಹೇಳುವುದು?

ನಿಮ್ಮ ಪ್ರಶ್ನೆ ಓದಿದ ಮೇಲೆ ಉತ್ತರ ಬರೆಯದೆ ಇರಲಾಗಲಿಲ್ಲ. ಎರಡೂವರೆ ವರ್ಷದ ಮಗನಿಗೆ ಹೈಪೋಹೈಡ್ರೋಟಿಕ್ ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾ (ಬೆವರಿನ ಗ್ರಂಥಿ, ಹಲ್ಲು, ಕೂದಲು ಸರಿಯಾಗಿ ಬೆಳೆಯದ ಹುಟ್ಟಿನಿಂದಲೇ ಬರುವ ಕಾಯಿಲೆ) ಇದೆಯೆಂದು ಬೆಂಗಳೂರಿನಲ್ಲಿ ತಿಳಿಸಿದ್ದಾರೆ; ನಿಮ್ಮ ಊರಿನ ವೈದ್ಯರು ಆ ಹೆಸರನ್ನೇ ಕೇಳಿಲ್ಲ; ಹಲ್ಲಿನ ವೈದ್ಯರು "ಕೆಲವರಿಗೆ ತಡವಾಗಿ ಬರುತ್ತವೆ" ಎಂದು ಹೇಳಿ ಕಳುಹಿಸಿದ್ದಾರೆ. ಪ್ರತಿ ಸಲ ಹೊಸಬರಿಗೆ ಹೇಗೆ ವಿವರಿಸುವುದು, ವಿವರಿಸಲು ಹೋದರೆ ಅವರು ಸಿಟ್ಟಾಗುವುದಿಲ್ಲವೇ ಎಂದು ಕೇಳಿದ್ದೀರಿ. ನನ್ನ ಮಗನಿಗೂ ಇದೇ ಇದೆ. ಅವನಿಗೀಗ 12 ವರ್ಷ. ನಾವು ರಾಯಚೂರು ಜಿಲ್ಲೆಯವರು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆಯ ಹೆಸರಿನಿಂದ ಶುರು ಮಾಡಬೇಡಿ. ನಾನು ಎರಡು ವರ್ಷ ಆ ತಪ್ಪು ಮಾಡಿದೆ. ಹೆಸರನ್ನು ಬಾಯಿಪಾಠ ಮಾಡಿಕೊಂಡು, ಒಂದಕ್ಷರವೂ ತಪ್ಪದಂತೆ ಒಪ್ಪಿಸುತ್ತಿದ್ದೆ. ಒಬ್ಬ ಯುವ ವೈದ್ಯರು "ಡಿಸ್ಪ್ಲೇಸಿಯಾ" ಎಂಬ ಮಾತನ್ನು ಕೇಳಿದ್ದೇ ಮಗುವಿನ ಸೊಂಟದ ಕೀಲು ನೋಡಲು ಹೊರಟರು. ಅವರು ಕಂಡಿದ್ದ ಡಿಸ್ಪ್ಲೇಸಿಯಾ ಅದೊಂದೇ. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಆದರೆ ಅಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು, ಮಗುವಿನ ಮೈ ಕೆಂಡವಾಗಿತ್ತು.

ಈಗ ನಾನು ಹೇಳುವುದು ಹೀಗೆ: "ಡಾಕ್ಟರೇ, ಇವನಿಗೆ ಬೆವರು ಬರುವುದಿಲ್ಲ. ಹುಟ್ಟಿನಿಂದಲೇ ಬೆವರಿನ ಗ್ರಂಥಿಗಳು ತೀರಾ ಕಡಿಮೆ. ಮೈ ತಾನಾಗಿ ತಣ್ಣಗಾಗುವುದಿಲ್ಲ, ನಾವೇ ತಣ್ಣಗೆ ಮಾಡಬೇಕು." ದೇಹಕ್ಕೆ ಏನು ಸಾಧ್ಯವಿಲ್ಲ, ಈ ಗಳಿಗೆಯಲ್ಲಿ ಏನು ಆಗಬೇಕು, ಇವೆರಡು ಮೊದಲು. ಹೆಸರು ಒಂದು ಚೀಟಿಯಲ್ಲಿರಲಿ, ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಇದು ನನಗೆ ಹೇಗೆ ತಿಳಿಯಿತೆಂದರೆ, ಮಗನಿಗೆ ಒಂಬತ್ತು ತಿಂಗಳಾಗಿದ್ದಾಗ ಮೇ ತಿಂಗಳಲ್ಲಿ 104 ಡಿಗ್ರಿ ಜ್ವರವೆಂದು ಆಸ್ಪತ್ರೆಗೆ ಸೇರಿಸಿದೆವು. ಐದು ದಿನ ಗ್ಲೂಕೋಸ್, ಆ್ಯಂಟಿಬಯೋಟಿಕ್, ಪ್ಯಾರಾಸಿಟಮಾಲ್. ರಕ್ತ, ಮೂತ್ರ, ಎದೆಯ ಎಕ್ಸ್‌ರೇ ಎಲ್ಲವೂ ಸರಿಯಾಗಿದ್ದವು. ಜ್ವರ ಮಾತ್ರ ಬಿಡಲಿಲ್ಲ. ಚಳಿಯಾಗಬಾರದೆಂದು ನಾವೇ ಕೈಯಾರೆ ಅವನಿಗೆ ಟೋಪಿ ಹಾಕಿ, ಕಂಬಳಿ ಹೊದಿಸಿದ್ದೆವು. ಅದನ್ನು ನೆನೆದರೆ ಈಗಲೂ ಕರುಳು ಹಿಂಡಿದಂತಾಗುತ್ತದೆ. ಐದನೆಯ ದಿನ ಹಿರಿಯ ನರ್ಸ್ ಒಬ್ಬರು ಮಂಚಕ್ಕೆ ತೂಗುಹಾಕಿದ್ದ ಜ್ವರದ ಚಾರ್ಟನ್ನು ಬಹಳ ಹೊತ್ತು ನೋಡಿದರು. ಬೆಳಗಿನ ಜಾವ ಇಳಿಯುತ್ತಿತ್ತು, ಮಧ್ಯಾಹ್ನ ಏರುತ್ತಿತ್ತು, ದಿನವೂ ಹಾಗೆಯೇ. "ಇದು ಬಿಸಿಲಿನ ಜೊತೆ ಏರುತ್ತಿದೆಯಲ್ಲಮ್ಮಾ" ಎಂದವರೇ ಕಂಬಳಿ ಕಿತ್ತು ಹಾಕಿ, ಒದ್ದೆ ಬಟ್ಟೆಯಿಂದ ಮೈಯೆಲ್ಲ ಒರೆಸಿ, ಫ್ಯಾನಿನ ಕೆಳಗೆ ಮಲಗಿಸಿದರು. ಅರ್ಧ ಗಂಟೆಯಲ್ಲಿ ಮಗು ನಕ್ಕಿತು. ನಮಗೆ ರೋಗದ ಮೊದಲ ಸುಳಿವು ಕೊಟ್ಟವರು ಅವರು. ತಜ್ಞರ ಬಾಯಿಂದ ಹೆಸರು ಕೇಳಿದ್ದು ಆಮೇಲೆ ಒಂದು ವರ್ಷಕ್ಕೆ.

ಕಾರಣ ಸರಳವಾಗಿದೆ. ಸೋಂಕಿನ ಜ್ವರದಲ್ಲಿ ಮಿದುಳೇ ಮೈಯ ಶಾಖದ ಮಟ್ಟವನ್ನು ಮೇಲಕ್ಕೆ ಏರಿಸಿರುತ್ತದೆ. ಪ್ಯಾರಾಸಿಟಮಾಲ್ ಅದನ್ನು ಕೆಳಗಿಳಿಸುತ್ತದೆ. ನಮ್ಮ ಮಕ್ಕಳ ಮೈ ಬಿಸಿಲಿಗೆ ಕಾದಾಗ ಮಿದುಳು ಏನನ್ನೂ ಏರಿಸಿರುವುದಿಲ್ಲ. ಒಳಗಿನ ಶಾಖಕ್ಕೆ ಹೊರಗೆ ಹೋಗುವ ದಾರಿಯಿಲ್ಲ, ಅಷ್ಟೇ. ಅಲ್ಲಿ ಆ ಔಷಧಿ ಕೆಲಸ ಮಾಡುವುದಿಲ್ಲ. ನೀರು, ಗಾಳಿ, ನೆರಳು ಕೆಲಸ ಮಾಡುತ್ತವೆ. ಹಾಗೆಂದು ಇವರಿಗೆ ಸೋಂಕಿನ ಜ್ವರ ಬರುವುದೇ ಇಲ್ಲವೆಂದಲ್ಲ. ಮೂಗು, ಗಂಟಲು ಒಣಗಿರುವುದರಿಂದ ಕೆಮ್ಮು, ನೆಗಡಿ, ಎದೆಯ ಸೋಂಕು ಇವರಿಗೆ ಹೆಚ್ಚೇ. ನಮ್ಮ ಮಕ್ಕಳ ವೈದ್ಯರು ಹೇಳಿಕೊಟ್ಟದ್ದು: ತಂಪಾದ ಕೋಣೆಯಲ್ಲಿ ಒದ್ದೆ ಬಟ್ಟೆ ಹಾಕಿ ಅರ್ಧ ಗಂಟೆ ನೋಡಿ; ಇಳಿದು ಮಗು ಗೆಲುವಾದರೆ ಬಿಸಿಲಿನದು, ಇಳಿಯದಿದ್ದರೆ ಅಥವಾ ಇಳಿದರೂ ಮಗು ಮಂಕಾಗಿದ್ದರೆ ತಡಮಾಡದೆ ಕರೆತನ್ನಿ. ಹೊಸ ವೈದ್ಯರಿಗೆ ಇದನ್ನೂ ಹೇಳಿ. "ಇದು ಯಾವಾಗಲೂ ಬಿಸಿಲಿನದೇ" ಎಂದು ನೀವು ಹಟ ಹಿಡಿಯುವವರಲ್ಲ ಎಂಬುದು ಅವರಿಗೆ ಗೊತ್ತಾಗಬೇಕು.

ಔಷಧಿಗಳ ಬಗ್ಗೆ ಒಂದು ಎಚ್ಚರಿಕೆ. ಬೆವರನ್ನು ಕಡಿಮೆ ಮಾಡುವ ಔಷಧಿಗಳಿವೆ: ಆಟ್ರೋಪಿನ್, ಗ್ಲೈಕೋಪೈರೋಲೇಟ್, ನೆಗಡಿಗೆ ಕೊಡುವ ಕೆಲವು ಹಳೆಯ ಅಲರ್ಜಿ ಸಿರಪ್‌ಗಳು. ಇರುವ ಚೂರುಪಾರು ಬೆವರನ್ನೂ ಅವು ನಿಲ್ಲಿಸುತ್ತವೆ. "ಇದು ಬೆವರು ನಿಲ್ಲಿಸುವ ಔಷಧಿಯೇ?" ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ತಜ್ಞರನ್ನು ಹಿಂದಿನ ದಿನವೇ ಕಂಡು ಮಾತಾಡಿ. ನನ್ನ ಮಗನಿಗೆ ಆರನೆಯ ವಯಸ್ಸಿನಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆಯಾದಾಗ ನಾನು ಹೇಳಿದ್ದು ಮೂರೇ ಮಾತು: ಬೆವರುವುದಿಲ್ಲ, ಹಾಗಾಗಿ ಉದ್ದಕ್ಕೂ ಮೈಯ ಶಾಖ ನೋಡುತ್ತಿರಿ; ಇರುವ ಹಲ್ಲುಗಳು ಚೂಪು ಮತ್ತು ವಿರಳ, ಉಸಿರಾಟದ ನಳಿಗೆ ಹಾಕುವಾಗ ಗಮನವಿರಲಿ; ಕಟ್ಟಿಸಿದ ಹಲ್ಲಿನ ಸೆಟ್ ನನ್ನ ಕೈಯಲ್ಲಿದೆ, ಬಾಯಲ್ಲಿಲ್ಲ.

ಇನ್ನು ಹಲ್ಲು. ಇಲ್ಲಿ ಹೇಳಬೇಕಾದ ಮಾತೇ ಬೇರೆ. "ಇವನ ಹಲ್ಲು ತಡವಾಗಿಲ್ಲ, ವಸಡಿನೊಳಗೆ ಹುಟ್ಟೇ ಇಲ್ಲ." ಕೂದಲು, ಹಲ್ಲು, ಬೆವರಿನ ಗ್ರಂಥಿ ಈ ಮೂರೂ ಭ್ರೂಣದ ಹೊರಪದರದಿಂದ ಬೆಳೆಯುವಂಥವು, ಆ ಬೆಳವಣಿಗೆಗೆ ಬೇಕಾದ ಸಂಕೇತವೇ ಸರಿಯಾಗಿ ಸಿಕ್ಕಿಲ್ಲ ಎಂದರೆ ದಂತವೈದ್ಯರಿಗೆ ಕೂಡಲೇ ಅರ್ಥವಾಗುತ್ತದೆ. ಮಗು ಅಲುಗಾಡದೆ ನಿಲ್ಲುವಷ್ಟಾದಾಗ ಎರಡೂ ದವಡೆಗಳ ಪೂರ್ಣ ಎಕ್ಸ್‌ರೇ ತೆಗೆಸಿ. ನನ್ನ ಮಗನ ಎಕ್ಸ್‌ರೇಯಲ್ಲಿ ಕೆಳದವಡೆ ಪೂರ್ತಿ ಖಾಲಿ. ಮೇಲೆ ನಾಲ್ಕು ಮೊಳಕೆ. ಆ ಫಿಲ್ಮನ್ನು ಮೇಜಿನ ಮೇಲಿಟ್ಟರೆ ನಾನು ಬಾಯಿ ಬಿಡಬೇಕಾಗಿಯೇ ಇಲ್ಲ.

ಚೂಪಾದ ಹಲ್ಲನ್ನು ಕೀಳಲು ಅಥವಾ ಉಜ್ಜಲು ಅವಸರ ಮಾಡಬೇಡಿ ಎಂದು ಕೇಳಿಕೊಳ್ಳಿ. ಅದರ ಮೇಲೆ ಹಲ್ಲಿನ ಬಣ್ಣದ ಕಾಂಪೊಸಿಟ್ ತುಂಬಿ ಆಕಾರ ಕೊಡಬಹುದು, ಸೆಟ್ ನಿಲ್ಲಲು ಅದೇ ಆಧಾರವಾಗುತ್ತದೆ. ಹಲ್ಲಿಲ್ಲದ ಕಡೆ ದವಡೆಯ ಏಣು ಬೆಳೆಯುವುದಿಲ್ಲ, ಕತ್ತಿಯ ಅಂಚಿನಂತೆ ತೆಳ್ಳಗಿರುತ್ತದೆ. ಇಂಪ್ಲಾಂಟ್‌ಗೆ, ಅಂದರೆ ದವಡೆಯ ಮೂಳೆಯೊಳಗೇ ಕೂರಿಸುವ ಕೃತಕ ಹಲ್ಲಿಗೆ, ಸಾಮಾನ್ಯವಾಗಿ ದವಡೆಯ ಬೆಳವಣಿಗೆ ಮುಗಿಯುವವರೆಗೆ ಕಾಯಬೇಕು. ಸೆಟ್‌ಗೆ ಕಾಯಬೇಕಿಲ್ಲ, ಮೂರು ನಾಲ್ಕು ವರ್ಷಕ್ಕೇ ಕಟ್ಟಿಸಬಹುದು. ಒಂದೇ ಕ್ಲಿನಿಕ್ಕಿನಲ್ಲಿ ಆಗದಿದ್ದರೆ ಯಾವುದಾದರೂ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ. ಅಲ್ಲಿ ಮಕ್ಕಳ ದಂತ ವಿಭಾಗ, ಹಲ್ಲು ಕಟ್ಟುವ ಪ್ರಾಸ್ತೊಡಾಂಟಿಕ್ಸ್ ವಿಭಾಗ ಎರಡೂ ಒಂದೇ ಕಟ್ಟಡದಲ್ಲಿರುತ್ತವೆ, ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪುತ್ತದೆ. ನನ್ನ ಮಗನಿಗೆ ನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸೆಟ್. ಬಾಯಿ ಬೆಳೆದಂತೆ ಮೂರು ಸಲ ಹೊಸದು ಮಾಡಿಸಿದ್ದೇವೆ. ಅಚ್ಚು ತೆಗೆಯುವ ದಿನ ಬೆಳಗಿನ ಮೊದಲ ಸರದಿ ಕೇಳಿ. ಆ ಕುರ್ಚಿಯ ದೀಪದ ಕೆಳಗೆ ಮಧ್ಯಾಹ್ನ ಕೂರಿಸುವುದು ಬೇಡ.

ಮೊದಲ ಸೆಟ್ ಬಂದ ವಾರ ನಮ್ಮ ಮನೆಯಲ್ಲಿ ಹುರಿಗಡಲೆ ತಂದೆವು. "ಕಡಲೆ ಇದ್ದವನಿಗೆ ಹಲ್ಲಿಲ್ಲ" ಎಂದು ಅವನನ್ನು ನೋಡಿ ಗಾದೆ ಹೇಳಿದವರು ಬಂಧುಗಳಲ್ಲೇ ಇದ್ದರು. ಅವನು ಒಂದೊಂದೇ ಕಾಳನ್ನು ಕಚ್ಚಿ, ಆ ಶಬ್ದ ಕೇಳುತ್ತ ಕೂತಿದ್ದ.

ವೈದ್ಯರು ಕೇಳದಿದ್ದರೂ ಹೇಳಬೇಕಾದ ಇನ್ನೊಂದು ವಿಷಯ, ತಾಯಿಯ ಕಡೆಯ ಚರಿತ್ರೆ. ತಳಿವಿಜ್ಞಾನದ ವೈದ್ಯರು ನನ್ನ ಮಗನನ್ನು ನೋಡಿ ಮುಗಿಸಿದ ಮೇಲೆ, "ನೀವೊಮ್ಮೆ ಬಾಯಿ ತೆರೆಯಿರಿ" ಎಂದರು. ನನ್ನ ಎರಡು ಹಲ್ಲು ಚಿಕ್ಕಂದಿನಿಂದಲೂ ಮೊಳೆಯಂತೆ ಚೂಪು. ಎರಡು ಬಂದೇ ಇಲ್ಲ. ನಾನು ಅದನ್ನು ಲಕ್ಷಕ್ಕೆ ತೆಗೆದುಕೊಂಡಿರಲೇ ಇಲ್ಲ. ಅಂದು ರಾತ್ರಿ ಅವ್ವನಿಗೆ ಫೋನ್ ಮಾಡಿದಾಗ ಅವಳು ತಡೆತಡೆದು ಹೇಳಿದಳು: ಅವಳಿಗೊಬ್ಬ ತಮ್ಮನಿದ್ದ, ತಲೆಯಲ್ಲಿ ಕೂದಲೇ ಇರಲಿಲ್ಲ, ಒಂದು ಬೇಸಿಗೆಯಲ್ಲಿ "ಜ್ವರ ನೆತ್ತಿಗೇರಿ" ಹೋದ. ನನಗೊಬ್ಬ ಸೋದರಮಾವನಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ.

ಈ ರೋಗದ ಹೆಚ್ಚಿನ ಪ್ರಕರಣಗಳು ಎಕ್ಸ್ ವರ್ಣತಂತುವಿನಲ್ಲಿರುವ ಇಡಿಎ ಎಂಬ ಜೀನಿನ ದೋಷದಿಂದ ಬರುತ್ತವೆ. ಆ ಜೀನನ್ನು ಗುರುತಿಸಿದ್ದು 1996ರಲ್ಲಿ. ಆದರೆ 1875ರಲ್ಲೇ ಚಾರ್ಲ್ಸ್ ಡಾರ್ವಿನ್ ಸಿಂಧ್ ಪ್ರಾಂತ್ಯದ ಒಂದು ಹಿಂದೂ ಕುಟುಂಬದ ಬಗ್ಗೆ ಬರೆದಿದ್ದ: ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಹಲ್ಲು ಕೆಲವೇ ಕೆಲವು, ಮೈಮೇಲೆ ಕೂದಲು ಕಡಿಮೆ, ಬೇಸಿಗೆಯಲ್ಲಿ ಚರ್ಮ ಒಣಗಿ ಸಂಕಟ, ಹೆಣ್ಣುಮಕ್ಕಳಿಗೆ ಏನೂ ಇಲ್ಲ, ಆದರೆ ಅವರ ಗಂಡುಮಕ್ಕಳಿಗೆ ಇದೆ. ನನ್ನ ಅವ್ವನ ಮನೆಯ ಕಥೆಯನ್ನೇ ಯಾರೋ ಬರೆದಿಟ್ಟಂತಿತ್ತು. ಆ ದೋಷದ ಜೀನನ್ನು ಹೊತ್ತ ನನ್ನಂಥ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಇದು ಬರುವ ಸಾಧ್ಯತೆ ಅರ್ಧದಷ್ಟು. ನಿಮಗೆ ಇನ್ನೊಂದು ಮಗುವಿನ ಯೋಚನೆ ಇದ್ದರೆ ಮುಂಚಿತವಾಗಿಯೇ ತಳಿವಿಜ್ಞಾನದ ವೈದ್ಯರನ್ನು ಕಾಣಿ. ಗರ್ಭದಲ್ಲಿರುವಾಗಲೇ ಕೊರತೆಯ ಪ್ರೋಟೀನನ್ನು ಗರ್ಭಜಲಕ್ಕೆ ಚುಚ್ಚಿ ಕೊಟ್ಟು, ಹುಟ್ಟಿದ ಮಕ್ಕಳು ಬೆವರಿದ್ದನ್ನು ಜರ್ಮನಿಯ ವೈದ್ಯರು 2018ರಲ್ಲಿ ವರದಿ ಮಾಡಿದ್ದಾರೆ. ಅದರ ಬಗ್ಗೆಯೂ ಕೇಳಿ.

ಒಂದು ಚೀಟಿ ಮಾಡಿಕೊಳ್ಳಿ. ಒಂದೇ ಪುಟ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ನಿಮ್ಮ ತಜ್ಞರಿಂದಲೇ ಬರೆಸಿ, ಸಹಿ, ಮೊಹರು, ಫೋನ್ ನಂಬರ್ ಹಾಕಿಸಿ. ನಾವು ಹೇಳಿದರೆ ಮೊಬೈಲ್ ನೋಡಿ ಬಂದವರ ಮಾತಾಗುತ್ತದೆ, ಮೊಹರಿದ್ದರೆ ವೈದ್ಯರು ವೈದ್ಯರಿಗೆ ಬರೆದದ್ದಾಗುತ್ತದೆ. ಕನ್ನಡದ ಬದಿಯನ್ನು ಹೆಚ್ಚಾಗಿ ಓದುವವರು ನರ್ಸ್‌ಗಳು, ಆಯಾಗಳು, ಶಾಲೆಯ ಮೇಷ್ಟ್ರು. ಯುಗಾದಿಗೆ ಮುನ್ನ ಹತ್ತಿರದ ಆಸ್ಪತ್ರೆಗೆ ಹೋಗಿ, ಮಗು ಚೆನ್ನಾಗಿರುವಾಗಲೇ, ಒಂದು ಪ್ರತಿ ಕೊಟ್ಟು ಬನ್ನಿ.

ಸಿಟ್ಟಿನ ವಿಷಯ ಕೇಳಿದ್ದೀರಿ. ಆಗುತ್ತಾರೆ. "ನೀವೇ ಡಾಕ್ಟರಾ?" ಎಂದು ನನಗೂ ಕೇಳಿದ್ದಾರೆ. ಅಂಥ ಹೊತ್ತಿನಲ್ಲಿ ನಾನು ವಾದಕ್ಕೆ ಇಳಿಯುವುದಿಲ್ಲ. "ಡಾಕ್ಟರೇ, ಇವನ ಬೆನ್ನ ಮೇಲೆ ಒಂದು ಸಲ ಕೈ ಇಡಿ" ಎನ್ನುತ್ತೇನೆ. ಕಳೆದ ಏಪ್ರಿಲ್‌ನಲ್ಲಿ ಒಬ್ಬರು ಮುಖ ಗಂಟಿಕ್ಕಿಕೊಂಡೇ ಅಂಗಿಯೊಳಗೆ ಕೈ ಹಾಕಿದರು. ಕರೆಂಟ್ ಇರಲಿಲ್ಲ, ಅವರ ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ಮಗನ ಬೆನ್ನು ಬಿಸಿಲಿಗೆ ಕಾದ ಗೋಡೆಯಂತೆ ಒಣಗಿತ್ತು. ಅವರು ಕೈ ತೆಗೆದು ಒಂದು ಕ್ಷಣ ಸುಮ್ಮನಿದ್ದು, "ನೀರು ತನ್ನಿ" ಎಂದು ಕೂಗಿದರು. ಚೀಟಿ ಕೇಳಿದ್ದು ಆಮೇಲೆ.