ಹಳೆಯ ಬುಲೆಟ್ಟಿನ ಪ್ರೈಮರಿಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ ಸಾಕೇ?

ತಾವು ಕೇಳಿರುವುದು ಇಷ್ಟು: ತಂದೆಯವರು ಓಡಿಸುತ್ತಿದ್ದ 1994ರ ಬುಲೆಟ್ 350 ಕುಮಟಾದ ಮನೆಯಲ್ಲಿ ಈಗ ತಮ್ಮ ಪಾಲಿಗೆ ಬಂದಿದೆ, ಎಂಜಿನ್, ಪ್ರೈಮರಿ (ಎಡಗಡೆಯ ಚೈನ್ ಮತ್ತು ಕ್ಲಚ್ಚಿನ ಕೋಣೆ), ಗೇರ್‌ಬಾಕ್ಸ್ ಮೂರಕ್ಕೂ ಒಂದೇ ಡಬ್ಬದ ಎಣ್ಣೆ ಹಾಕಿದರಾಯಿತು ಎಂದು ಒಬ್ಬ ಮೆಕ್ಯಾನಿಕ್ ಹೇಳಿದರೆ, ಗೇರ್‌ಬಾಕ್ಸಿಗೆ ಗ್ರೀಸನ್ನೇ ತುಂಬಬೇಕೆಂದು ಇನ್ನೊಬ್ಬರು ಹೇಳುತ್ತಾರೆ, ಯಾರನ್ನು ನಂಬುವುದು? ನಾನು ಶಿರಸಿಯವನು, ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಆದರೆ ಇದೇ ಮಾದರಿಯ ಗಾಡಿಯನ್ನು ಹದಿನೆಂಟು ವರ್ಷಗಳಿಂದ ಘಟ್ಟ ಹತ್ತಿಸಿ ಇಳಿಸುತ್ತ, ಮಾಡಬಾರದ ತಪ್ಪುಗಳನ್ನೆಲ್ಲ ಮಾಡಿ ಕಲಿತಿದ್ದೇನೆ. 2009ರ ಸುಮಾರಿಗೆ ಬಂದ, ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಕವಚದೊಳಗಿರುವ ಯುಸಿಇ ಎಂಜಿನ್ನಿನ ಗಾಡಿಗಳಲ್ಲಿ ಒಂದೇ ಎಣ್ಣೆ ಎಲ್ಲ ಕಡೆಯೂ ಸುತ್ತುವುದರಿಂದ ಈ ಪ್ರಶ್ನೆಯೇ ಏಳುವುದಿಲ್ಲ. ತಮ್ಮದರಲ್ಲಿ ಮೂರು ಕೋಣೆಗಳು ಬೇರೆ ಬೇರೆ, ಒಂದರ ಎಣ್ಣೆ ಇನ್ನೊಂದಕ್ಕೆ ಹೋಗಬಾರದು. ಆದ್ದರಿಂದ ಯಾವ ಕೋಣೆಯೊಳಗೆ ಏನಿದೆ ಎಂಬುದನ್ನು ನೋಡಿ ಎಣ್ಣೆ ಆರಿಸಬೇಕೇ ಹೊರತು ಡಬ್ಬದ ಮೇಲಿನ ದಪ್ಪ ಅಕ್ಷರದ ಅಂಕೆಯನ್ನು ನೋಡಿ ಅಲ್ಲ.

ಮೊದಲು ಪ್ರೈಮರಿ. ಎಡಗಡೆಯ ಆ ಮುಚ್ಚಳದೊಳಗೆ ಎಂಜಿನ್ನಿನ ತಿರುಗುವಿಕೆಯನ್ನು ಕ್ಲಚ್ಚಿಗೆ ಒಯ್ಯುವ ಜೋಡಿ ಎಳೆಯ ಚೈನ್, ಆಲ್ಟರ್ನೇಟರ್ ಮತ್ತು ಕ್ಲಚ್ ಪ್ಲೇಟುಗಳು ಒಂದೇ ಎಣ್ಣೆಯಲ್ಲಿ ನೆನೆಯುತ್ತಿರುತ್ತವೆ. ಚೈನಿಗೆ ಜಾರುವ ಎಣ್ಣೆ ಬೇಕು, ಕ್ಲಚ್ಚಿಗೆ ಹಿಡಿತ ಬೇಕು. ಇಲ್ಲಿನ ತೊಡಕೆಲ್ಲ ಇದೇ. ಇಂಧನ ಉಳಿಸಲೆಂದು ತಯಾರಾಗುವ ತೆಳುವಾದ ಕಾರಿನ ಎಣ್ಣೆಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಕಾರಿನ ಕ್ಲಚ್ ಒಣಗಿದ ಜಾಗದಲ್ಲಿರುವುದರಿಂದ ಅದಕ್ಕೇನೂ ಆಗುವುದಿಲ್ಲ, ನಮ್ಮ ಕ್ಲಚ್ಚಾದರೋ ಅದರಲ್ಲೇ ಮುಳುಗಿರುತ್ತದೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಒಮ್ಮೆ ಅಂಗಡಿಯವರು ‘ಇದು ಅದಕ್ಕಿಂತ ಒಳ್ಳೆಯದು, ದುಬಾರಿಯದು’ ಎಂದು ಕೊಟ್ಟ ಕಾರಿನ ಎಣ್ಣೆಯನ್ನು ಪ್ರೈಮರಿಗೆ ಹಾಕಿಸಿಕೊಂಡು ಕುಮಟಾಕ್ಕೆ ಇಳಿದೆ. ಇಳಿಯುವಾಗ ಏನೂ ಗೊತ್ತಾಗಲಿಲ್ಲ. ಸಂಜೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ದೇವಿಮನೆ ಘಟ್ಟ ಹತ್ತುವಾಗ ಎಂಜಿನ್ ಕೂಗುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ. ಕ್ಲಚ್ ಕೇಬಲ್ ಸಡಿಲ ಮಾಡಿ ನೋಡಿದ್ದಾಯಿತು, ಅದರಿಂದ ಏನೂ ಆಗಲಿಲ್ಲ. ಕೊನೆಗೆ ಹಿಂದೆ ಕುಳಿತವರನ್ನು ಬಸ್ಸಿಗೆ ಹತ್ತಿಸಿ, ನಾನೊಬ್ಬನೇ ಮೊದಲ ಗೇರಿನಲ್ಲಿ ನಿಂತು ನಿಂತು ಮನೆ ಸೇರಿದೆ. ಮರುದಿನ ಪ್ಲೇಟುಗಳನ್ನೆಲ್ಲ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ, ಉಕ್ಕಿನ ಪ್ಲೇಟುಗಳ ಹೊಳಪನ್ನು ಉಜ್ಜು ಕಾಗದದಿಂದ ತೆಗೆದು, ಸರಿಯಾದ ಎಣ್ಣೆ ಹಾಕಿದ ಮೇಲೆಯೇ ಹಿಡಿತ ಮರಳಿತು.

ಸರಿಯಾದ ಎಣ್ಣೆಯನ್ನು ಗುರುತಿಸುವುದು ಕಷ್ಟವಲ್ಲ. ಜಪಾನಿನ ಜಾಸೋ ಸಂಸ್ಥೆಯು 1998ರಲ್ಲಿ ನಾಲ್ಕು ಸ್ಟ್ರೋಕಿನ ಬೈಕ್ ಎಣ್ಣೆಗಳಿಗೆಂದೇ ಒಂದು ಮಾನದಂಡವನ್ನು ಮಾಡಿತು. ಡಬ್ಬದ ಹಿಂಬದಿಯಲ್ಲಿ ‘ಎಂಎ’ ಅಥವಾ ‘ಎಂಎ2’ ಎಂದಿದ್ದರೆ ಅದು ಎಣ್ಣೆಯಲ್ಲಿ ನೆನೆಯುವ ಕ್ಲಚ್ಚಿಗೆ ತಕ್ಕದ್ದು. ‘ಎಂಬಿ’ ಎಂದಿದ್ದರೆ ಅದು ಸ್ಕೂಟರುಗಳಿಗೆ, ತಮಗಲ್ಲ. ತಮ್ಮ ಪ್ರೈಮರಿಗೆ ಎಂಎ ಗುರುತಿನ, 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ದರ್ಜೆಯ ಸಾಧಾರಣ ಖನಿಜ ಎಣ್ಣೆ ಸಾಕು. ಎಂಜಿನ್ನಿಗೆ ತಂದ ಎಣ್ಣೆ ಇದೇ ಆಗಿದ್ದರೆ ಅದನ್ನೇ ಹಾಕಬಹುದು. ಆ ಮಟ್ಟಿಗೆ ಮೊದಲನೆಯ ಮೆಕ್ಯಾನಿಕ್ ಹೇಳಿದ್ದು ಸರಿ. ಹಿಡಿಯುವುದು ಸುಮಾರು 420 ಮಿಲಿಲೀಟರ್. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಲೆವೆಲ್ ಸ್ಕ್ರೂ ತೆಗೆದು, ಅಲ್ಲಿಂದ ಎಣ್ಣೆ ಜಿನುಗುವವರೆಗೆ ಹಾಕಿ ನಿಲ್ಲಿಸಿ. ಆಟೋಮ್ಯಾಟಿಕ್ ಗೇರಿನ ಕಾರುಗಳಿಗೆ ಹಾಕುವ ಕೆಂಪು ದ್ರವವನ್ನು ಇಲ್ಲಿಗೆ ಹಾಕುವವರೂ ಇದ್ದಾರೆ. ಬೆಳಗಿನ ಹೊತ್ತು ಕ್ಲಚ್ ಹಗುರವಾಗಿ ಬಿಡುತ್ತದೆ ಎಂಬುದು ನಿಜ, ಆದರೆ ಒಂದೇ ನಟ್ಟಿನ ಮೇಲೆ ನಿಂತ ಆ ಮುಚ್ಚಳದ ಅಂಚಿನಿಂದ ಅಷ್ಟು ತೆಳುವಾದ ದ್ರವ ಸೋರದೆ ಇರುವುದನ್ನು ನಾನು ಕಂಡಿಲ್ಲ.

ಅಂಕೆಗಳ ಬಗ್ಗೆ ಒಂದು ಮಾತು. ಡಬ್ಲ್ಯು ಎಂಬುದು ಚಳಿಗಾಲದ ಗುರುತು. 20ಡಬ್ಲ್ಯು ಎಣ್ಣೆಯನ್ನು ಪರೀಕ್ಷಿಸುವುದೇ ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಶಿರಸಿಯಲ್ಲಿ ಡಿಸೆಂಬರಿನ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿ ಇಡಬೇಕಾಗುತ್ತದೆ, ಕುಮಟಾದಲ್ಲಿ ಅದೂ ಅಪರೂಪ. ಹೀಗಿರುವಾಗ ಆ ಅಂಕೆಗಾಗಿ ಹೆಚ್ಚು ಹಣ ತೆರುವುದು ವ್ಯರ್ಥ. ಇನ್ನು, ಗೇರ್ ಎಣ್ಣೆಯ ‘90’ ಎಂಬುದು ಎಂಜಿನ್ ಎಣ್ಣೆಯ 50ಕ್ಕಿಂತ ಎರಡು ಪಾಲು ಗಟ್ಟಿ ಎಂದು ಬಹಳ ಜನ ತಿಳಿದಿದ್ದಾರೆ. ಅವೆರಡೂ ಬೇರೆ ಬೇರೆ ಅಳತೆಗೋಲುಗಳು. ಕಾದಾಗ 90ರ ಗೇರ್ ಎಣ್ಣೆಯ ಮಂದತನವು 40 ಮತ್ತು 50ರ ಎಂಜಿನ್ ಎಣ್ಣೆಗಳ ಆಸುಪಾಸಿನಲ್ಲೇ ಇರುತ್ತದೆ.

ಗೇರ್‌ಬಾಕ್ಸಿನಲ್ಲಿ ಕ್ಲಚ್ ಪ್ಲೇಟುಗಳಿಲ್ಲ, ಆದ್ದರಿಂದ ಜಾರುವ ಭಯವಿಲ್ಲ. ಹಲ್ಲುಗಳ ನಡುವೆ ಒತ್ತಡ ತಡೆಯುವ ಪದರ ಬೇಕು. ಈ ನಾಲ್ಕು ಗೇರಿನ ಹಳೆಯ ಪೆಟ್ಟಿಗೆಗೆ ಕಂಪನಿಯವರು ಮೊದಲಿನಿಂದ ಹೇಳುತ್ತ ಬಂದದ್ದು ಅರೆದ್ರವ ಗ್ರೀಸ್, ಅಂದರೆ ಗಟ್ಟಿತನದ ಅಂಕೆ 0 ಅಥವಾ 00 ಇರುವಂಥದ್ದು, ಓರೆ ಮಾಡಿದರೆ ತಾನಾಗಿ ಹರಿಯುವಂಥದ್ದು. ಎರಡನೆಯ ಮೆಕ್ಯಾನಿಕ್ ಹೇಳಿದ್ದರ ಮೂಲ ಇಲ್ಲಿದೆ. ಆದರೆ ಗ್ಯಾರೇಜುಗಳಲ್ಲಿ ಕೈಗೆ ಸಿಗುವುದು ಚಕ್ರದ ಬೇರಿಂಗಿಗೆ ಹಾಕುವ ಎಪಿ-3. ಆ ಹೆಸರಿನ ಕೊನೆಯ 3 ಗಟ್ಟಿತನದ ಅಂಕೆಯೇ. ಅದನ್ನು ತುಂಬಿದರೆ ಗೇರು ಗ್ರೀಸಿನ ನಡುವೆ ತನಗೊಂದು ಕಾಲುವೆ ಕೊರೆದುಕೊಂಡು ಒಣಗಿಯೇ ತಿರುಗುತ್ತದೆ; ಬದಿಗೆ ಸರಿದ ಗ್ರೀಸ್ ಮರಳಿ ಬರುವುದಿಲ್ಲ, ಬುಷ್ಷುಗಳು (ದಂಡಗಳು ತಿರುಗುವ ಲೋಹದ ಬಳೆಗಳು) ಸವೆಯುತ್ತವೆ.

ನಾನು ಹಾಕುವುದು ಜಿಎಲ್-4 (ಗೇರ್ ಎಣ್ಣೆ ಒತ್ತಡ ತಡೆಯುವ ಬಲದ ಗುರುತು) ದರ್ಜೆಯ 80ಡಬ್ಲ್ಯು-90 ಗೇರ್ ಎಣ್ಣೆ. ಸೋರಿಕೆ ತಡೆಯಲಾರದಷ್ಟಾದಾಗ ಅದರೊಂದಿಗೆ ಸ್ವಲ್ಪ 00 ಗ್ರೀಸ್. ಜಿಎಲ್-5 ಇನ್ನೂ ಮೇಲಿನದಲ್ಲವೇ ಎಂದು ಕೇಳಬಹುದು. ಅದು ಕಾರು ಲಾರಿಗಳ ಹಿಂದಿನ ಆಕ್ಸಲಿನ ಹೈಪಾಯ್ಡ್ ಗೇರಿಗಾಗಿ ಮಾಡಿದ್ದು. ಅದರಲ್ಲಿ ಹೆಚ್ಚಿರುವ ಗಂಧಕದ ಸಂಯುಕ್ತಗಳು ಬಿಸಿಯಲ್ಲಿ ಕಂಚು ಹಿತ್ತಾಳೆಯ ಭಾಗಗಳನ್ನು ತಿನ್ನಬಲ್ಲವು, ತಮ್ಮ ಗೇರ್‌ಬಾಕ್ಸಿನಲ್ಲಿ ಕಂಚಿನ ಬುಷ್ಷುಗಳಿವೆ.

ಗಾಡಿ ಬಹುಕಾಲ ಕರಾವಳಿಯ ಮಳೆಯಲ್ಲಿ ನಿಂತಿದ್ದರೆ, ಹೊಸ ಎಣ್ಣೆ ತರುವ ಮೊದಲು ಎರಡೂ ಕಡೆಯ ಹಳೆಯದನ್ನು ಬಿಳಿಯ ಬಟ್ಟಲಿಗೆ ಇಳಿಸಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣ ಬಂದರೆ ನೀರು ಸೇರಿದೆ ಎಂದು ಅರ್ಥ. ಆಗ ಅಗ್ಗದ ಎಂಎ ಎಣ್ಣೆಯನ್ನು ಪ್ರೈಮರಿಗೆ ಹಾಕಿ, ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಬಿಸಿಯಿರುವಾಗಲೇ ಇಳಿಸಿ, ಮುಚ್ಚಳದ ರಬ್ಬರ್ ಸೀಲ್ ಬದಲಿಸಿದ ಮೇಲೆ ಒಳ್ಳೆಯ ಎಣ್ಣೆ ಹಾಕಿ.